ಭುಜದಾಚೆಯ ಉಸಿರು

ಊರಿನವರು ಅಣ್ಣನನ್ನು ಹೆಜ್ಜೇನು ಎಂದೂ ತಮ್ಮನನ್ನು ತುಡುವೆ ಎಂದೂ ಕರೆಯುತ್ತಿದ್ದರು. ಹೆಜ್ಜೇನು ಕೆಣಕಿದವರನ್ನು ಕೆರೆಯವರೆಗೂ ಅಟ್ಟಿಸಿಕೊಂಡು ಹೋಗುವ ಜಾತಿ. ತುಡುವೆ ಪೆಟ್ಟಿಗೆಯಲ್ಲಿಟ್ಟರೆ ಪೆಟ್ಟಿಗೆಯಲ್ಲೇ ಇರುವ ಸಾಧು. ಇಬ್ಬರೂ ಸೇರಿ ಹದಿನೆಂಟು ಜೇನುಪೆಟ್ಟಿಗೆ ಸಾಕಿದ್ದರು. ಹೋದ ವರ್ಷ ಹೂವಿನ ಕಾಲ ಮುಗಿಯುವ ಹೊತ್ತಿಗೆ ಅಣ್ಣ ಸತ್ತ. ಅಂದಿನಿಂದ ತುಡುವೆಗೆ ಉಸಿರು ಸರಿಯಾಗಿ ಬರುತ್ತಿರಲಿಲ್ಲ.

ನಿಂತೇಹೋಗುತ್ತಿತ್ತು ಎಂದಲ್ಲ. ಅರ್ಧ ದಾರಿ ಬಂದು, ಹೊಸ್ತಿಲಲ್ಲಿ ಮುನಿಸಿಕೊಂಡು ಕೂತ ನೆಂಟನ ಹಾಗೆ ಎದೆಯಲ್ಲಿ ಕೂತುಬಿಡುತ್ತಿತ್ತು. ಅದನ್ನು ಒಳಗೆ ಎಳೆದುಕೊಳ್ಳಲು ಇನ್ನೊಂದು ಉಸಿರು, ಅದರ ಹಿಂದೆ ಮತ್ತೊಂದು. ಕೊನೆಗೆ ಏದುಸಿರು, ಬೆರಳ ತುದಿಯಲ್ಲಿ ಜೋಮು, ಈಗಲೋ ಆಗಲೋ ಎನ್ನುವ ಭಯ. ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದರಂತೂ ಬಂದೇ ಬರುತ್ತಿತ್ತು. ಚಳಿಗಾಲವಿಡೀ ಅವನು ಪೆಟ್ಟಿಗೆಗಳ ಸಾಲಿಗೆ ಹೋಗಿ, ಒಂದೊಂದಕ್ಕೂ ಕಿವಿಯಿಟ್ಟು, ಒಳಗಿನ ಗುಂಯ್‌ಗುಟ್ಟುವಿಕೆ ಕೇಳಿ ವಾಪಸು ಬರುತ್ತಿದ್ದ. ಚಳಿಯಲ್ಲಿ ಅಷ್ಟು ಸಾಕು. ಹೂ ಬಿಟ್ಟಾಗ ಸಾಲದು. ಆಗ ಮನೆ ಇಕ್ಕಟ್ಟಾಗಿ ಹುಳಗಳು ಹೊಸ ರಾಣಿಯನ್ನು ಬೆಳೆಸಿಕೊಳ್ಳುತ್ತವೆ, ಹಳೆಯ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹಾರಿಹೋಗುತ್ತಾಳೆ. ವಾರಕ್ಕೊಮ್ಮೆ ತೆರೆದು ನೋಡಬೇಕು; ಹೊಸ ರಾಣಿಯ ಗೂಡು ಕಂಡರೆ ಅವು ಹೋಗುವ ಮೊದಲೇ ನಾವೇ ಎರಡು ಪಾಲು ಮಾಡಬೇಕು.

"ಹೊಳೆಯಾಚೆ ತೋಟದಲ್ಲಿ ಮೊಗ್ಗು ಬಂದಿದೆ," ಎಂದಳು ಅತ್ತಿಗೆ ಒಂದು ಬೆಳಿಗ್ಗೆ. ಅಣ್ಣ ಹೋದಮೇಲೆ ಆ ಮನೆಯಲ್ಲಿ ಉಳಿದವರು ಅವರಿಬ್ಬರೇ. ಮದುವೆಯ ಗೋಜಿಗೇ ಹೋಗದ ತುಡುವೆ ಅವಳ ಕೈ ಅಡುಗೆಯಲ್ಲೇ ತಲೆ ನರೆಸಿಕೊಂಡವನು. "ತೋಟದ ಯಜಮಾನರು ಮತ್ತೆ ಹೇಳಿ ಕಳಿಸಿದ್ರು. ಹದಿನೆಂಟೂ ತಾವೇ ಇಟ್ಕೋತಾರಂತೆ."

"ನೀವೇನಂದ್ರಿ?"

"ಇಪ್ಪತ್ತು ದಿನ ತಡೀರಿ ಅಂದೆ. ನೋಡಪ್ಪ, ನಿಮ್ಮಣ್ಣ ಕಟ್ಟಿದ್ದು. ನನಗೂ ಕೊಡೋ ಮನಸ್ಸಿಲ್ಲ. ಆದ್ರೆ ನೀನು ದಿನಾ ಹೋಗಿ ಗೋಡೆಗೆ ಕಿವಿ ಕೊಟ್ಟು ಪಕ್ಕದ ಮನೆ ಜಗಳ ಕೇಳಿದ ಹಾಗೆ ಕೇಳ್ಕೊಂಡು ಬಂದ್ರೆ ಜೇನು ಉಳಿಯುತ್ತಾ? ಹಾರಿ ಹೋಗೋದಕ್ಕಿಂತ ಯಾರ ಹತ್ರನಾದ್ರೂ ಇರಲಿ."

ಅವನು ಆ ದಿನವೇ ಆಸ್ಪತ್ರೆಗೆ ಹೋದ.

ಹೃದಯ ಗಟ್ಟಿಯಾಗಿದೆ ಎಂದು ಡಾಕ್ಟರು ಚಳಿಗಾಲದಲ್ಲೇ ಹೇಳಿದ್ದರು. ಈ ಸಲ ನರ್ಸಮ್ಮ ಅವನನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಒಂದೊಂದಾಗಿ ಕೇಳಿದಳು.

"ದಿನಕ್ಕೆ ಎಷ್ಟು ಟೀ?"

"ಆರು. ಏಳು ಅಂತಿಟ್ಕೊಳ್ಳಿ."

"ನಿದ್ದೆ?"

"ಬೆಳಗಿನ ಜಾವ ಬರುತ್ತೆ."

"ಬೆಳಗಾದ ಮೇಲೆ?"

"ಮಲಗೇ ಇರ್ತೀನಿ."

"ನೀವು ಜೇನು ಸಾಕೋರಾ, ಗೂಬೆ ಸಾಕೋರಾ?" ಎಂದು ನಕ್ಕ ನರ್ಸಮ್ಮ ಆಮೇಲೆ ನಗು ನಿಲ್ಲಿಸಿ ಕೇಳಿದಳು: "ಇದು ಶುರುವಾಗಿದ್ದು ಯಾವಾಗ?"

"ಹೋದ ಹೂವಿನ ಕಾಲದಲ್ಲಿ," ಎಂದ. ಉಳಿದದ್ದನ್ನು ಹೇಳಲಿಲ್ಲ.

ಉಳಿದದ್ದು ಇಷ್ಟು. ಆ ದಿನ ಇಬ್ಬರೂ ತುಂಬಿದ ಪೆಟ್ಟಿಗೆಯೊಂದನ್ನು ಎರಡು ಕಡೆ ಹಿಡಿದು ದಿಣ್ಣೆ ಏರುತ್ತಿದ್ದರು. ನಡುದಾರಿಯಲ್ಲಿ ಅಣ್ಣ, "ಸ್ವಲ್ಪ ತಡಿಯೋ, ಉಸಿರು ತಗೋತೀನಿ," ಎಂದ. ಜನ್ಮದಲ್ಲಿ ಎಂದೂ ತಮ್ಮನನ್ನು ತಡಿ ಎಂದವನಲ್ಲ. ತುಡುವೆಗೆ ಅದು ತಮಾಷೆಯಾಗಿ ಕಂಡಿತು. "ಉಸಿರು ಆಮೇಲೆ ತಗೊಳ್ಳುವಿಯಂತೆ, ಮೊದಲು ಪೆಟ್ಟಿಗೆ ಮೇಲೆ ಹತ್ತಿಸು," ಎಂದ. ಅಣ್ಣ ಹತ್ತಿಸಿದ. ಪೆಟ್ಟಿಗೆಯನ್ನು ಒಂದಿಷ್ಟೂ ಅಲುಗದಂತೆ ಕೆಳಗಿಟ್ಟು, ಅದರ ಪಕ್ಕದಲ್ಲೇ ಕೂತ, ಮತ್ತೆ ಏಳಲಿಲ್ಲ.

ನರ್ಸಮ್ಮ ಔಷಧಿಯ ರಟ್ಟಿನ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಳು. ಮಧ್ಯಾಹ್ನದ ಮೇಲೆ ಟೀ ಇಲ್ಲ. ಸೂರ್ಯನ ಜೊತೆ ಏಳುವುದು. ಎದ್ದ ಕೂಡಲೇ ಅರ್ಧ ಗಂಟೆ ನಡಿಗೆ. ಉಸಿರನ್ನು ಮಾತ್ರ ಬರೆದು ತಿಳಿಸಲಾಗದು ಎಂದು ಮಾಡಿಯೇ ತೋರಿಸಿದಳು. "ಮೂಗಿಂದ ಒಳಗೆ, ನಾಲ್ಕು ಎಣಿಸೋವಷ್ಟು. ಬಾಯಿಂದ ಹೊರಗೆ, ಆರು ಎಣಿಸೋವಷ್ಟು. ಮುಂದೆ ದೀಪ ಇದೆ ಅಂದ್ಕೊಳ್ಳಿ. ಆರಿಸಬಾರದು, ಕುಡಿ ಬಾಗಬೇಕು ಅಷ್ಟೇ. ಭಯ ಬಂದಾಗ ಓಡಬೇಡಿ. ನಿಂತಲ್ಲೇ ನಿಂತು ಹೀಗೆ ಊದಿ."

ಅತ್ತಿಗೆ ಆ ರಟ್ಟನ್ನು ಒಲೆಯ ಮೇಲಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು. ಸಂಜೆ ಅವನು ಅಡುಗೆಮನೆಗೆ ಇಣುಕಿದರೆ ಮಾತೇ ಇಲ್ಲ, ಸೌಟಿನಲ್ಲಿ ರಟ್ಟಿನ ಕಡೆ ತೋರಿಸುತ್ತಿದ್ದಳು.

"ಅರ್ಧ ಲೋಟ, ಅತ್ತಿಗೆ."

"ಅರ್ಧ ಅಂತ ಅದರಲ್ಲಿ ಬರೆದಿದೆಯಾ? ಓದಿ ಹೇಳು."

ಮೊದಲ ವಾರ ತಲೆನೋವಿನಲ್ಲಿ ಹೋಯಿತು. ಆದರೂ ಬೆಳಿಗ್ಗೆ ಎದ್ದು ಕಾಲುವೆಯ ಏರಿಯ ಮೇಲೆ ನಡೆದ, ಹಿತ್ತಲ ಮೆಟ್ಟಿಲಲ್ಲಿ ಕೂತು ಎಣಿಸಿದ, ಸಂಜೆ ಬುಡ್ಡಿದೀಪ ಮುಂದಿಟ್ಟುಕೊಂಡು ಊದಿದ. ಮೊದಮೊದಲು ದೀಪ ಆರುತ್ತಿತ್ತು. ಹತ್ತನೆಯ ದಿನಕ್ಕೆ ಕುಡಿ ಬಾಗಿ, ಬಾಗಿದಂತೆಯೇ ನಿಂತು, ಮತ್ತೆ ನೆಟ್ಟಗಾಗತೊಡಗಿತು. ನಿದ್ದೆಯೂ ಬಂತು. ಹೊಟ್ಟೆ ಹಸಿದು ಅವನೇ ಇನ್ನೊಂದು ಸಲ ಬಡಿಸಿಕೊಂಡಾಗ ಅತ್ತಿಗೆ ಕಾಣದವಳ ಹಾಗೆ ಅತ್ತ ತಿರುಗಿಕೊಂಡಳು.

ಹದಿನೈದನೆಯ ದಿನ ಇಬ್ಬರೂ ಪೆಟ್ಟಿಗೆಗಳ ಸಾಲಿಗೆ ಹೋದರು. ಅವಳು ಗಂಡನ ಮುಖಬಲೆಯನ್ನೇ ಹಾಕಿಕೊಂಡಿದ್ದಳು. ಅದು ಅವಳಿಗೆ ದೊಡ್ಡದು. ಕುತ್ತಿಗೆಯ ಹತ್ತಿರ ಎಷ್ಟು ಬಿಗಿದರೂ ನೆರಿಗೆ ಬೀಳುತ್ತಿತ್ತು. ಕೈಯಲ್ಲಿ ಹೊಗೆತಿದಿ: ಗೋಣಿಯ ಚೂರು ಉರಿಸಿ ಒತ್ತಿದರೆ ಮೂತಿಯಿಂದ ತಣ್ಣನೆಯ ಹೊಗೆ ಬಿಡುವ ಡಬ್ಬಿ. ಅವನು ಮುಚ್ಚಳ ಎತ್ತಿದ. ಎದೆ ಸುಮ್ಮನಿತ್ತು. ಹುಳಗಳು ಜೇನಿನ ಎರಿ ಕಟ್ಟಿದ ಮರದ ಚೌಕಟ್ಟುಗಳು: ಮೊದಲನೆಯದು, ಎರಡನೆಯದು. ಮೂರನೆಯದನ್ನು ಎತ್ತಿ ಬಿಸಿಲಿಗೆ ಹಿಡಿದು, ಮೊಟ್ಟೆ ಕಾಣಲೆಂದು ಮುಖದ ಹತ್ತಿರ ತಂದ. ಜೇನು ತುಂಬಿ ಅದು ಭಾರವಾಗಿತ್ತು. ಆ ಭಾರ ಕೈಯ ನೆನಪಿಗೆ ಬಂದ ಕೂಡಲೇ ದಿಣ್ಣೆಯೂ ಬಂತು, ಅಣ್ಣನೂ ಬಂದ. ಉಸಿರು ಹೊಸ್ತಿಲಲ್ಲಿ ಕೂತಿತು.

ಅವನು ಓಡಲಿಲ್ಲ. ಹೇಳಿಕೊಟ್ಟದ್ದನ್ನು ತಪ್ಪದೆ ಮಾಡಿದ. ನಿಂತಲ್ಲೇ ನಿಂತು, ಮೂಗಿನಿಂದ ನಾಲ್ಕು ಎಣಿಸಿ ಒಳಗೆಳೆದು, ತುಟಿ ಕೂಡಿಸಿ, ಆರು ಎಣಿಸಿ ಹೊರಗೆ ಬಿಟ್ಟ. ಎದುರಿಗಿದ್ದದ್ದು ದೀಪವಲ್ಲ, ಮುಷ್ಟಿ ಮುಷ್ಟಿಯಾಗಿ ಕೂತ ಹುಳ.

ಜೇನು ಸಾಕುವ ಮನೆಯ ಕೂಸಿಗೂ ಗೊತ್ತಿರುವ ಸಂಗತಿ ಅದು. ಹುಳ ಹೊಗೆ ತಡೆದುಕೊಳ್ಳುತ್ತದೆ, ಬಿಸಿಲು ತಡೆದುಕೊಳ್ಳುತ್ತದೆ, ಬಾಯಿಯ ಉಸಿರು ತಡೆದುಕೊಳ್ಳುವುದಿಲ್ಲ. "ನಿನ್ನ ಉಸಿರು ಅವಕ್ಕೆ ಕರಡಿ ಉಸಿರು ಕಣೋ, ಭುಜದಾಚೆ ಬಿಡು," ಎಂದು ಅಣ್ಣ ಅವನಿಗೆ ಹತ್ತು ವರ್ಷವಾಗಿದ್ದಾಗ ತಲೆಗೆ ಮೊಟಕಿ ಕಲಿಸಿದ್ದ. ಮೂವತ್ತು ವರ್ಷ ಉಸಿರಿನ ಕಡೆ ಗಮನವೇ ಇಲ್ಲದೆ ಸರಿಯಾಗಿ ಬಿಟ್ಟವನು, ಗಮನ ಕೊಟ್ಟ ಹದಿನೈದನೆಯ ದಿನ ತಪ್ಪಿದ.

ಚೌಕಟ್ಟಿನ ಮೇಲೆ ಹುಳ ಒಮ್ಮೆಲೇ ಸರಿದು ಬಟ್ಟಲಗಲ ಬರಿದಾಯಿತು. ಆಮೇಲೆ ಸದ್ದು ಬದಲಾಯಿತು. ಅವನ ಬಲೆ ಬಿಗಿಯಾಗಿತ್ತು; ಹುಳಗಳು ಬಲೆಗೆ ಬಡಿದು ಪಕ್ಕಕ್ಕೆ ಹರಿದು ಅವಳ ಬಲೆಯ ನೆರಿಗೆಯೊಳಗೆ ನುಸುಳಿದವು. ಅತ್ತಿಗೆ ಕುತ್ತಿಗೆ ಹಿಡಿದುಕೊಂಡಳು. ಅವನು ಕೈಯಲ್ಲಿ ಚೌಕಟ್ಟು ಹಿಡಿದು ಮರದ ಬೊಂಬೆಯ ಹಾಗೆ ನಿಂತಿದ್ದ. ಅದನ್ನು ಅವನ ಕೈಯಿಂದ ಕಿತ್ತು ಪೆಟ್ಟಿಗೆಗೆ ಇಳಿಸಿ, ಮುಚ್ಚಳ ಹಾಕಿದವಳೂ ಅವಳೇ. ನಂತರ ಬೇಲಿಯವರೆಗೆ ನಡೆದು ಬಲೆ ಕಿತ್ತೆಸೆದಳು. ಕುತ್ತಿಗೆಯಲ್ಲಿ ಐದು, ಕಣ್ಣಿನ ಕೆಳಗೆ ಎರಡು ಮುಳ್ಳು.

"ಆಸ್ಪತ್ರೆಗೆ ನಡೀರಿ, ಬೇಗ, ಬೇಗ," ಎಂದು ಅವನು ಅವಳ ತೋಳು ಹಿಡಿದೆಳೆದ.

"ಸ್ವಲ್ಪ ತಡಿಯಪ್ಪ," ಎಂದು ಅವಳು ಕಲ್ಲಿನ ಮೇಲೆ ಕುಸಿದಳು. "ಉಸಿರು ತಗೋತೀನಿ."

ಅವನ ಕೈ ಸಡಿಲವಾಯಿತು. ಅವಳೆದುರು ನೆಲದಲ್ಲಿ ಮೊಣಕಾಲೂರಿ ಕೂತ. ತನ್ನ ಎದೆ ಏನು ಮಾಡುತ್ತಿದೆ ಎಂದು ನೋಡಿಕೊಳ್ಳಲೂ ಅವನಿಗೆ ಪುರಸೊತ್ತಿರಲಿಲ್ಲ. ಉಗುರಿನಿಂದ ಒಂದೊಂದೇ ಮುಳ್ಳು ಕೆರೆದು ತೆಗೆಯುತ್ತಾ ಗಟ್ಟಿಯಾಗಿ ಎಣಿಸಿದ: "ಒಂದು, ಎರಡು, ಮೂರು, ನಾಲ್ಕು. ಈಗ ಹೊರಗೆ. ನಿಧಾನಕ್ಕೆ. ಅವಸರ ಇಲ್ಲ, ಅತ್ತಿಗೆ. ನಾನು ಇಲ್ಲೇ ಇದ್ದೀನಿ." ಅವಳ ಉಸಿರು ಎಣಿಕೆಗೆ ಬರುವವರೆಗೆ ಬಿಡಲಿಲ್ಲ. ಬಂದ ಕೂಡಲೇ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತುಳಿದ.

ನರ್ಸಮ್ಮ ಇಂಜೆಕ್ಷನ್ ಕೊಟ್ಟು ಮಧ್ಯಾಹ್ನದವರೆಗೆ ಕಣ್ಣೆದುರಲ್ಲೇ ಮಲಗಿಸಿಕೊಂಡಳು. ನಡೆದದ್ದು ಕೇಳಿ ಹಣೆ ಚಚ್ಚಿಕೊಂಡಳು. "ನಾನು ದೀಪಕ್ಕೆ ಊದಿ ಅಂದ್ರೆ ನೀವು ಜೇನಿಗೆ ಊದಿದ್ರಾ? ಇನ್ನು ನಾನು ಯಾರಿಗೆ ಏನು ಹೇಳಿಕೊಡೋದಿದ್ರೂ ಮೊದಲು ಅವರ ಕಸುಬು ಕೇಳಬೇಕು."

ಮನೆಗೆ ಬಂದಾಗ ಅತ್ತಿಗೆಯ ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಅವನು ಗಂಜಿ ಕಾಯಿಸಿ ಮುಂದಿಟ್ಟ. ಇಟ್ಟ ಕೈ ಹಿಂದಕ್ಕೆ ತೆಗೆಯದೆ ದಿಣ್ಣೆಯ ಮಾತನ್ನು ಹೇಳಿಬಿಟ್ಟ. ಅಣ್ಣ ತಡಿ ಎಂದದ್ದು, ತಾನು ಅಂದದ್ದು, ಅಣ್ಣ ಪೆಟ್ಟಿಗೆಯನ್ನು ಹತ್ತಿಸಿಯೇ ಕೂತದ್ದು.

ಅವಳು ತೆರೆದಿದ್ದ ಒಂದು ಕಣ್ಣನ್ನು ಅವನತ್ತ ತಿರುಗಿಸಿದಳು.

"ಇದನ್ನ ನನಗೆ ಹೇಳಬಾರದಿತ್ತು ನೀನು," ಎಂದಳು. ಗಂಜಿ ಹಾಗೇ ಆರಿತು.

ಆಮೇಲೆ ನಾಲ್ಕು ದಿನ ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಸದ್ದಿಲ್ಲ. ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಸಂಜೆ ಅವನು ಟೀ ಕೇಳಲಿಲ್ಲ, ಅವಳು ರಟ್ಟು ತೋರಿಸಲಿಲ್ಲ. ನಿದ್ದೆ ಮತ್ತೆ ಕೈಕೊಟ್ಟಿತು. ಆದರೂ ಬೆಳಕು ಹರಿದ ಕೂಡಲೇ ಏರಿಯ ಮೇಲೆ ನಡೆದು ಬಂದು ಮೆಟ್ಟಿಲಲ್ಲಿ ಕೂರುತ್ತಿದ್ದ. ದೀಪವನ್ನು ಈಗ ಎದುರಿಗಿಡಲಿಲ್ಲ. ನಾಲ್ಕು ಎಣಿಸಿ ಒಳಗೆಳೆದು, ಮುಖ ಎಡಕ್ಕೆ ತಿರುಗಿಸಿ, ಭುಜದಾಚೆ ಆರು ಎಣಿಸಿ ಬಿಡುತ್ತಿದ್ದ. ಎಣಿಕೆ ನರ್ಸಮ್ಮನದು, ಭುಜ ಅಣ್ಣನದು.

ಇಪ್ಪತ್ತನೆಯ ದಿನ ಶುಕ್ರವಾರ. ಹುಳ ಮನೆ ಸೇರಿದ ಮೇಲೆ ಸಂಜೆ ಯಜಮಾನರ ಗಾಡಿ ಬರುವುದಿತ್ತು. ಬೆಳಿಗ್ಗೆ ಅವನೊಬ್ಬನೇ ಹೊಗೆತಿದಿ ಹೊತ್ತಿಸಿಕೊಂಡು ಹೋದ. ಅದೇ ಪೆಟ್ಟಿಗೆ, ಅದೇ ಮೂರನೆಯ ಚೌಕಟ್ಟು. ಭಯ ಹೇಳಿದ ಹೊತ್ತಿಗೇ ಬಂತು, ಎದೆಯಲ್ಲಿ ಕೂತಿತು. ಅವನು ಅದನ್ನು ಅಟ್ಟಲು ಹೋಗಲಿಲ್ಲ. ಮುಖ ತಿರುಗಿಸಿ ಬಿಟ್ಟ, ಮತ್ತೆ ಎಳೆದುಕೊಂಡ, ಮತ್ತೆ ತಿರುಗಿಸಿ ಬಿಟ್ಟ. ಮೂರನೆಯ ಸಲ ತಿರುಗಿದಾಗ ಬೇಲಿಯ ಆಚೆ ಅತ್ತಿಗೆ ನಿಂತಿದ್ದಳು. ಜೇನಿನ ಹತ್ತಿರ ಸುಳಿಯಬೇಡಿ ಎಂದು ನರ್ಸಮ್ಮ ಅವಳಿಗೆ ಕಟ್ಟಪ್ಪಣೆ ಮಾಡಿದ್ದಳು. ಪೆಟ್ಟಿಗೆಗಳು ಉಳಿದರೂ ಇನ್ನುಮುಂದೆ ಈ ಕೆಲಸವೆಲ್ಲ ಅವನೊಬ್ಬನದೇ.

ಚೌಕಟ್ಟಿನ ತಳದಲ್ಲಿ ಎರಡು ಹೊಸ ರಾಣಿಗೂಡು ನೆಲಗಡಲೆಯ ಹಾಗೆ ತೂಗುತ್ತಿದ್ದವು. ಇನ್ನೆರಡು ದಿನ ತಡವಾಗಿದ್ದರೆ ಇದು ಹಾರಿರುತ್ತಿತ್ತು. ಅವನು ಖಾಲಿ ಪೆಟ್ಟಿಗೆ ತಂದು ಪಾಲು ಮಾಡಿದ. ತುಂಬಿದ್ದನ್ನು ಪಕ್ಕಕ್ಕೆ ಸರಿಸಲು ಎತ್ತಿದಾಗ ತೋಳು ನಡುಗಿತು.

"ಭಾರ ಇದ್ರೆ ಕೆಳಗಿಡು," ಎಂದಳು ಅತ್ತಿಗೆ ಬೇಲಿಯಾಚೆಯಿಂದ. ನಾಲ್ಕು ದಿನಗಳಲ್ಲಿ ಅವಳು ಆಡಿದ ಮೊದಲ ಮಾತು. "ಯಾರೂ ಹತ್ತಿಸು ಅಂತ ನಿಂತಿಲ್ಲ ಇಲ್ಲಿ."

ಮಾತಿನಲ್ಲಿ ಕೊಂಡಿ ಇತ್ತು. ಅದು ಅವನಿಗೆ ನಾಟಿತು. ಆದರೂ ಪೆಟ್ಟಿಗೆಯನ್ನು ಕೆಳಗಿಟ್ಟು, ನಿಂತು, ಉಸಿರು ತೆಗೆದುಕೊಂಡು, ಮತ್ತೆ ಎತ್ತಿದ.

ಮಧ್ಯಾಹ್ನದ ಹೊತ್ತಿಗೆ ನಾಲ್ಕು ಪೆಟ್ಟಿಗೆ ಮುಗಿದಿದ್ದವು. ಐದನೆಯದು ಬರಿದು; ಎರಿಗೆ ಇರುವೆ ಹೊಕ್ಕು, ಈ ಇಪ್ಪತ್ತು ದಿನಗಳಲ್ಲಿ ಯಾವಾಗಲೋ ಹುಳವೆಲ್ಲ ಹಾರಿಹೋಗಿತ್ತು. ಅದರ ಮುಚ್ಚಳದಿಂದ ಅವನು ಇರುವೆ ಕೊಡವುತ್ತಿದ್ದಾಗ ಬೇಲಿಯ ಹತ್ತಿರ ಫೋನು ಗುಣುಗುಟ್ಟಿತು.

"ಹಾಂ, ಯಜಮಾನ್ರೇ," ಎನ್ನುತ್ತಿದ್ದಳು ಅತ್ತಿಗೆ. "ಇಲ್ಲ, ಇವತ್ತು ಗಾಡಿ ತರಬೇಡಿ... ಅಯ್ಯೋ, ಕೊಡಲ್ಲ ಅಂತ ಎಲ್ಲಿ ಅಂದೆ? ಇವತ್ತು ಬೇಡ ಅಂದೆ."

ಅವನು ಬರಿದಾದ ಪೆಟ್ಟಿಗೆಯನ್ನು ಮುಚ್ಚಿ, ಆರನೆಯದರ ಮುಂದೆ ನಿಂತು ಮುಖವನ್ನು ಎಡಕ್ಕೆ ತಿರುಗಿಸಿದ.