ನಾಲ್ಕನೆಯ ಹೆಗಲು

ಮೂರನೆಯ ಮನೆಯ ಬಾಗಿಲನ್ನೂ ಬಡಿದು ಸುಷ್ಮಿತಾ ಮೆಟ್ಟಿಲ ಮೇಲೆ ಕಾಲು ಬದಲಿಸುತ್ತ ನಿಂತಳು. ಎರ್ರಿಯಪ್ಪ ಅರ್ಧ ಬಾಗಿಲಷ್ಟೇ ತೆರೆದ.

"ಕಾಕಾ, ಅವ್ವನ್ನ ಹೊರಾಕ ಇನ್ನೂ ಇಬ್ರು ಬೇಕು. ತಮ್ಮ ಮೌನೇಶ, ಆಟೋ ರಾಯಣ್ಣ ಇಬ್ರೇ ಅದಾರ."

"ಡ್ಯೂಟಿಗೆ ಹೊತ್ತಾತವ್ವ. ಬ್ಯಾರೆ ಯಾರ್ನಾರ ಕೇಳು."

ಮನೆಗೆ ಓಡಿದಳು. ಹೊಸಪೇಟೆಯ ಬಿಸಿಲು ಓಣಿಗೆ ಇಳಿದಿತ್ತು. ಅಂಗಳದ ಬೇವಿನ ಗಿಡದಡಿ ಅವ್ವ ಭರಮಮ್ಮನ ಹೆಣ. ತಲೆಯ ಬಳಿ ಪಕ್ಕದ ಮನೆಯ ಮುದುಕಿ ಜಂಬವ್ವ. ಬೆಳಿಗ್ಗೆಯಿಂದ ಕದಲದೆ ಸೆರಗಿನಿಂದ ನೊಣ ಅಟ್ಟುತ್ತಲೇ ಇದ್ದಳು.

ಅಷ್ಟರಲ್ಲಿ ಬಿಳಿ ಕಾರು ಬಂತು. ರೈಸ್‌ಮಿಲ್ಲಿನ ದೊಡ್ಡಬಸಪ್ಪನವರು. ಭರಮಮ್ಮ ಮೂವತ್ತು ವರ್ಷ ಪಾತ್ರೆ ತಿಕ್ಕಿದ್ದು ಅವರ ಮನೆಯಲ್ಲೇ. ಓಣಿಯ ಬಾಗಿಲುಗಳೆಲ್ಲ ತೆರೆದವು. ಡ್ಯೂಟಿಗೆ ಹೊತ್ತಾಗಿದ್ದ ಎರ್ರಿಯಪ್ಪ ಪ್ಲಾಸ್ಟಿಕ್ ಕುರ್ಚಿ ಹೊತ್ತು ಬಂದ. ಅವನ ಹಿಂದೆ ಹತ್ತು ಗಂಡಸರು.

"ಏಳಬೇ ಜಂಬವ್ವ, ಅತ್ತಾಗ ಸರಿ. ಸಾವ್ಕಾರ್ರು ನೆರಳಾಗ ಕುಂದ್ರಬೇಕು," ಎಂದ ಎರ್ರಿಯಪ್ಪ.

ಜಂಬವ್ವ ನೆಲಕ್ಕೆ ಕೈಯೂರಿ ಏಳತೊಡಗಿದಳು.

*

ಸುಷ್ಮಿತಾಗೆ ಆಗ ಹತ್ತು ವರ್ಷ. ದೊಡ್ಡಬಸಪ್ಪನವರ ಮಗಳ ಮದುವೆ. ಅವ್ವ, ಮಗಳು ಕೊನೆಯ ಪಂಕ್ತಿಗೆ ಕೂತಿದ್ದರು. ಎಲೆಗೆ ಅನ್ನ ಬಿದ್ದಿತ್ತು, ಸಾರು ಇನ್ನೇನು ಬರಬೇಕು. ಹೊರಗೆ ಕಾರು ನಿಂತ ಸದ್ದಾಯಿತು. ಯಾರೂ ಏಳೆನ್ನಲಿಲ್ಲ. ಅವ್ವನೇ ಎದ್ದಳು.

"ಏಳವ್ವ, ದೊಡ್ಡೋರು ಬಂದ್ರು. ನಾವು ಆಮ್ಯಾಲೆ ಉಂಡ್ರಾತು."

ಹಾಗೆನ್ನುವಾಗ ಅವ್ವ ನಗುತ್ತಿದ್ದಳು. ಎಲೆ ಬಿಟ್ಟೆದ್ದದ್ದಲ್ಲ, ಆ ನಗುವೇ ಸುಷ್ಮಿತಾಳ ಹೊಟ್ಟೆ ಉರಿಸಿತ್ತು.

*

"ಅಜ್ಜಿ, ನೀ ಕುಂದ್ರು."

ಸುಷ್ಮಿತಾ ಜಂಬವ್ವನ ಹೆಗಲು ಹಿಡಿದು ಕೂರಿಸಿದಳು. ಸಾಹುಕಾರರು ಮುನಿಸಿಕೊಂಡು ಹೋದರೆ ಆ ಹತ್ತೂ ಗಂಡಸರು ಹೋದಾರು. ಆದರೂ ಬಾಯಿ ಬಿಟ್ಟಳು.

"ಸಾವ್ಕಾರ್ರೇ, ಹೂ ಹಾಕ್ರಿ. ಆದ್ರ ಆ ಜಾಗ ಅಜ್ಜೀದು."

"ಲೇ ಹುಡುಗಿ!" ಎಂದ ಎರ್ರಿಯಪ್ಪ.

"ಇರ್ಲಿ ಬಿಡಪ್ಪ." ದೊಡ್ಡಬಸಪ್ಪನವರು ಗಡಿಯಾರ ನೋಡಿಕೊಂಡು, ಹಾರ ಹಾಕಿ, ಯಾರ ಮುಖವನ್ನೂ ನೋಡದೆ ಕಾರು ಹತ್ತಿದರು. ಅವರನ್ನು ಕಳಿಸಲು ಹೋದ ಗಂಡಸರು ತಿರುಗಿ ಬರಲಿಲ್ಲ.

ಚಟ್ಟದ ಮುಂದಿನ ಎರಡು ಮೂಲೆಗೆ ಮೌನೇಶ, ರಾಯಣ್ಣ. ಹಿಂದಿನ ಒಂದಕ್ಕೆ ಸುಷ್ಮಿತಾ ನಿಂತಳು.

"ನಾಕನೇದಕ್ಕ ಯಾರು?" ಮೌನೇಶ ಚಡಪಡಿಸಿದ.

"ನಾ ಅದೀನಿ, ಎತ್ರಿ." ಜಂಬವ್ವ ಸೀರೆ ಎತ್ತಿ ಕಟ್ಟಿ ಹೆಗಲು ಕೊಟ್ಟಳು.

ಮುದುಕಿ ಗಿಡ್ಡ, ಚಟ್ಟ ಆ ಕಡೆ ವಾಲಿತು. ಸುಷ್ಮಿತಾ ಮೊಳಕಾಲು ಬಗ್ಗಿಸಿದಳು. ಮುಂದಿನವರಿಬ್ಬರೂ ಬಗ್ಗಿಸಿದರು. ಹಾಗೇ ಜಂಬವ್ವನ ಎತ್ತರಕ್ಕೆ ಕುಗ್ಗಿ, ಹೆಜ್ಜೆ ಮೇಲೆ ಹೆಜ್ಜೆ ಇಡುತ್ತ, ನಾಲ್ವರೂ ಓಣಿ ದಾಟಿದರು.