ಮರೆಯ ಈಚೆ

ದಾಳ ಇನ್ನೂ ಅಲುಗುತ್ತಿದೆ ಅಂದುಕೊಂಡೆ, ಇಲ್ಲ, ಅಲುಗುತ್ತಿರುವುದು ಮೇಜು, ಕೆಳಗೆ ಭಾವ ಕಾಲು ಕುಣಿಸುತ್ತಿದ್ದಾರೆ, ದಾಳ ಆಗಲೇ ನಿಂತಾಗಿದೆ, ಅದರ ಇಪ್ಪತ್ತು ಮುಖಗಳಲ್ಲಿ ಮೇಲೆ ಬಂದಿರುವುದು ಒಂದು, ಸೂಜಿ ನೆಟ್ಟ ಹಾಗೆ ಒಂದು, ನನಗೆ ಮಾತ್ರ ಕಾಣುತ್ತಿದೆ, ನಡುವೆ ಈ ರಟ್ಟಿನ ಮರೆ ಇದೆಯಲ್ಲ, ನಾನು ಕೆಲಸಕ್ಕಿರುವ ಅಂಗಡಿಯ ಟೈಲರಣ್ಣ ಅಂಗಿಯ ಡಬ್ಬಗಳನ್ನು ಕತ್ತರಿಸಿ, ಲೈನಿಂಗ್ ಬಟ್ಟೆ ಅಂಟಿಸಿ, ಮೂರು ಮಡಿಕೆಯಾಗಿ ಮಾಡಿಕೊಟ್ಟದ್ದು, ಕಥೆ ನಡೆಸೋಳು ನೀನು, ನಿನ್ನ ದಾಳ ನಾವು ನೋಡಬಾರದಮ್ಮ, ಇದರ ಹಿಂದೆ ಕೂತ್ಕೋ ಎಂದು — ಆ ಕಡೆ ಅವರು ಮೂವರು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ನಾನು ಹೇಳುವ ಕಾಡಿನಲ್ಲಿ ಅಲೆಯುವವರು, ಏನು ಮಾಡುತ್ತೇವೆಂದು ಅವರು ಹೇಳುತ್ತಾರೆ, ದಾಳ ಉರುಳಿಸುವುದು ನಾನು, ರಾಕ್ಷಸನೂ ನಾನೇ, ಗಾಳಿಯೂ ನಾನೇ, ಬಸ್ಸಿನಲ್ಲಿ ಇಳಿಯಬೇಕು ಅನ್ನಲು ಬಾಯಿ ಬಾರದೆ ಮುಂದಿನ ನಿಲ್ದಾಣದಿಂದ ನಡೆದು ಬರುವವಳು ಇದರ ಹಿಂದೆ ಕೂತರೆ ಗುಡುಗುತ್ತೇನೆ. ಏನಾಯ್ತೇ ಮೂಗಿ, ಅಕ್ಕ ಕೇಳುತ್ತಿದ್ದಾಳೆ, ನನ್ನ ಬಿಲ್ಲುಗಾರ್ತಿ ಆ ದಡ ಮುಟ್ಟಿದ್ಲಾ — ಹಾರಬೇಡ ಅಂತ ಎಷ್ಟು ಸುಳಿವು ಕೊಟ್ಟೆ, ಸೇತುವೆ ಮುರಿದಿದೆ, ನೀರು ಕಪ್ಪಗಿದೆ, ಒಂದು ಬಿದ್ದರೆ ಅವಳು ಉಳಿಯಲ್ಲ ಎಂದು ಬಾಯಿಬಿಟ್ಟೇ ಹೇಳಿದೆ, ಅಕ್ಕ ನಕ್ಕಳು, ನಮ್ಮ ಮೂಗಿ ಅಕ್ಕನ್ನ ಮುಳುಗಿಸ್ತಾಳಾ, ಹಾರಿದೆ ಅಂತ ಇಟ್ಕೋ, ಭಾವ ಚಪ್ಪಾಳೆ ತಟ್ಟಿದರು, ತಂಗಿ ಅಂದ್ರೆ ಹಿಂಗಿರಬೇಕು, ಮುಂದಿನ ಜನ್ಮಕ್ಕೆ ನಾನೂ ಇವಳ ಅಕ್ಕನಾಗೇ ಹುಟ್ತೀನಿ.

ಟೈಲರಣ್ಣ ನಗಲಿಲ್ಲ, ಕತ್ತರಿಯ ಹಿಡಿಯೊಳಗೆ ಬೆರಳು ತಿರುಗಿಸುತ್ತ ಕೂತಿದ್ದರು, ಹೋದ ಭಾನುವಾರದ ಆಟದಲ್ಲಿ ಅವರ ಮುದುಕ ಕಮ್ಮಾರ ಸತ್ತ, ಇದೇ ದಾಳ, ಇದೇ ಒಂದು, ವರ್ಷಗಟ್ಟಲೆ ಆಡಿಸಿದ ಪಾತ್ರ, ಅವನಿಗಾಗಿ ಬೇರೆ ಥರ ಕೆಮ್ಮುವುದನ್ನೂ ಕಲಿತಿದ್ದರು, ನಾನು ಈ ಮರೆಯ ಹಿಂದೆ ತಲೆ ತಗ್ಗಿಸಿಕೊಂಡು, ರಾಕ್ಷಸನ ದನಿಯಲ್ಲಿ, ನಿನ್ನ ಕಥೆ ಮುಗಿಯಿತು ಎಂದು ಗುಡುಗಿದೆ, ಅವರು, ಸರಿಯಮ್ಮ, ಆಟ ಅಂದ್ಮೇಲೆ ಆಟ, ಎಂದರು, ಮರುದಿನ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದ ನನ್ನ ಪಕ್ಕ ಬಂದು, ಅವನ್ನ ಎಲ್ಲಿ ಹೂತ್ರು, ಮರದ ಕೆಳಗಾ, ಅಂತ ಕೇಳಿದರು — ಈಗ ನನ್ನ ಬೆರಳು ದಾಳದ ಪಕ್ಕದಲ್ಲೇ ಇದೆ, ಉಗುರು ತಾಗಿಸಿದರೆ ಸಾಕು, ಮಗುಚುತ್ತದೆ, ಏಳೋ ಹದಿಮೂರೋ, ಯಾರಿಗೂ ಕಾಣದು, ಅಕ್ಕನ ಬಿಲ್ಲುಗಾರ್ತಿ ಉಳಿಯುತ್ತಾಳೆ, ಶಾಲೆಯಲ್ಲಿ ಎದ್ದು ನಿಂತು ಓದು ಎಂದು ಮೇಷ್ಟ್ರು ಅಂದಾಗ ದನಿ ಹೊರಡದೆ, ಮಕ್ಕಳೆಲ್ಲ ಮೂಗಿ ಮೂಗಿ ಅಂದು, ಇನ್ನು ಹೋಗಲ್ಲ ಎಂದು ನಾನು ಮಂಚದಡಿ ಸೇರಿದಾಗ ಮೇಷ್ಟ್ರ ಮುಂದೆ ಮಾತಾಡಿದ್ದು ಅಕ್ಕ, ಆ ಹೆಸರನ್ನು ಮಕ್ಕಳ ಬಾಯಿಂದ ಕಿತ್ತು ಮುದ್ದಿನದು ಮಾಡಿಕೊಂಡದ್ದು ಅಕ್ಕ, ಡಾಕ್ಟರಿಗೆ ನನ್ನ ಹೊಟ್ಟೆನೋವು ಹೇಳಿದ್ದು ಅಕ್ಕ, ಟೈಲರಣ್ಣನ ಹತ್ತಿರ ನನಗೆ ಕೆಲಸ ಕೇಳಿದ್ದೂ ಅಕ್ಕ, ಇವಳು ಮಾತಾಡಲ್ಲ, ಇವಳ ಕೈ ಮಾತಾಡುತ್ತೆ ಅಂತ, ನನ್ನ ಬಾಯಿ ಇಷ್ಟು ವರ್ಷ ಅವಳ ಮುಖದಲ್ಲೇ ಇತ್ತು, ಈಗ ಅವಳಿಗೇ ಮುಳುಗು ಅನ್ನಲಾ, ಆದರೆ ಕಮ್ಮಾರ, ಮರದ ಕೆಳಗೆ, ಆಟ ಅಂದ್ಮೇಲೆ — ಹೇಳೇ, ಅಕ್ಕನ ನಗೆ ಸಣ್ಣಗಾಗಿದೆ, ರಾಕ್ಷಸನ ದನಿ ತೆಗೀಬೇಡ, ನೆಟ್ಟಗೆ ಹೇಳು, ಭಾವನ ಕಾಲು ನಿಂತಿದೆ, ಟೈಲರಣ್ಣ ನನ್ನನ್ನು ನೋಡುತ್ತಿಲ್ಲ, ಕತ್ತರಿಯನ್ನೇ ನೋಡುತ್ತಿದ್ದಾರೆ, ಬೇಕಂತಲೇ, ನೀನು ಸುಳ್ಳು ಹೇಳಿದರೂ ನಾನು ಕೇಳಲ್ಲ ಅನ್ನುವ ಹಾಗೆ, ಅದೇ, ಅದನ್ನೇ ತಡೆಯಲಾಗುತ್ತಿಲ್ಲ, ಬೆರಳು ಎದ್ದಿತು, ದಾಳದ ಕಡೆ ಹೋಗಲಿಲ್ಲ, ರಟ್ಟಿನ ಅಂಚು ಹಿಡಿಯಿತು, ಮಡಿಕೆ ಮಡಿಕೆಯಾಗಿ ಮರೆ ಮಲಗಿತು, ಇಷ್ಟು ಹತ್ತಿರವಾ ಇವರ ಮುಖಗಳು, ಅಕ್ಕಾ, ಒಂದು ಬಿದ್ದಿದೆ, ನಿನ್ನವಳು ದಡ ಮುಟ್ಟಲಿಲ್ಲ — ಯಾರದು ಈ ದನಿ, ಸಣ್ಣದು, ಒರಟು, ನನ್ನದೇ, ಅಕ್ಕ ನನ್ನನ್ನು ನೋಡುತ್ತಿಲ್ಲ, ಬಗ್ಗಿ ಅದನ್ನು ನೋಡುತ್ತಿದ್ದಾಳೆ, ಎಲ್ಲರೂ, ನಾನೂ, ಮೇಜಿನ ನಡುವೆ, ಒಂದು, ಸೂಜಿಯಂತೆ, ಒಂದು