ಎಡಗಾಲು ಕೊಡುವ ಸರದಿ

ಹಲಗೆಯ ನೆಲದ ಮೇಲೆ ತಗಡಿನ ಬೋಗುಣಿ ಕಿರ್ರೆಂದು ಸರಿಯುವ ಸದ್ದು, ಒಂದು ಬೆಂಚು ದಾಟಿತು, ಇನ್ನು ಮುಂದಿನದು, ಆಮೇಲೆ ತಮ್ಮದೇ, ನೀರು ಉಗುರುಬೆಚ್ಚಗಿದೆಯಂತೆ, ಬೆಚ್ಚಗಿದ್ದರೇನು ತಣ್ಣಗಿದ್ದರೇನು, ತನ್ನ ಎಡಗಾಲಿಗೆ ಎರಡೂ ಕೆಂಡವೇ ಎಂದುಕೊಂಡ ಸೆಲಿಂಡಾ ಬರಿಗಾಲನ್ನು ಉದ್ದ ಲಂಗದಡಿಗೆ ಎಳೆದುಕೊಂಡಳು, ಲಂಗದ ಅಂಚು ಪಾದವನ್ನು ಸವರಿತು, ಅಮ್ಮಾ, ಬಟ್ಟೆಯೂ ತಾಗಬಾರದೇ — ಪಕ್ಕದಲ್ಲಿ ಗಂಡನ ಅಕ್ಕ ಎರ್ಮಾ ಆಗಲೇ ಕಪ್ಪು ಕಾಲುಚೀಲ ಕಳಚಿ ಮಡಿಚಿಟ್ಟುಕೊಂಡಿದ್ದಾಳೆ, ಕೊಟ್ಟಿಗೆಯಲ್ಲಿ ಓಡಾಡಿ ಗಟ್ಟಿಯಾದ ಅಗಲ ಹಿಮ್ಮಡಿ, ಎಷ್ಟು ನಿಶ್ಚಿಂತೆಯ ಕಾಲುಗಳು. ಪ್ರಾರ್ಥನಾಮಂದಿರದ ಆ ಬದಿ, ಗಂಡಸರ ಕಡೆಯಿಂದ ಹಾಡು ಎಳೆದೆಳೆದು ಬರುತ್ತಿದೆ, ಪ್ರತಿ ಮಾತಿಗೂ ಒಂದು ಉಸಿರು. ಪ್ರಭುಭೋಜನದ ರೊಟ್ಟಿ ಮುರಿದಾಯಿತು, ದ್ರಾಕ್ಷಾರಸ ಕುಡಿದಾಯಿತು, ಇನ್ನು ಪಕ್ಕದಲ್ಲಿ ಕೂತವಳ ಕಾಲನ್ನು ತೊಳೆದು ಒರೆಸಿ, ಕೆನ್ನೆಗೆ ಮುತ್ತಿಟ್ಟು ದೇವರ ಶಾಂತಿ ಹಾರೈಸಬೇಕು, ಅಜ್ಜಿಯರ ಕಾಲದಿಂದ ಹಾಗೆಯೇ, ಕಾಲು ಕೊಡದೆ ಕೂತವಳ ಎದೆಯಲ್ಲಿ ಮುನಿಸಿದೆ ಎಂದೇ ಅರ್ಥ, ಇನ್ನು ಎರ್ಮಾಗೆ ಕಾಲು ಕೊಡದಿದ್ದರೆ — ಬೆಳಿಗ್ಗೆ ಕುದುರೆ ಕಟ್ಟುವ ಕಡೆ ಅವಳೇ ತಡೆದು ಕೇಳಿದ್ದಳಲ್ಲ, ನನ್ ಮೇಲೇನಾದ್ರೂ ಸಿಟ್ಟಿದ್ರೆ ಬಾಯ್ಬಿಟ್ಟು ಹೇಳ್ಬಿಡೇ, ಕೌದಿ ಹೊಲಿಯೋಕೂ ಬರ್ತಿಲ್ಲ, ನನ್ ಕಂಡ್ರೆ ದೂರ ಸರೀತೀಯ, ಏನ್ ಮಾಡಿದೀನಿ ನಾನು. ಏನಿಲ್ಲ ಎರ್ಮಾ, ಮಕ್ಕಳ ಗಲಾಟೆ ಅಷ್ಟೆ. ಕೌದಿಯ ಚೌಕಟ್ಟಿನಡಿ ಹತ್ತು ಹೆಂಗಸರ ಬೂಟುಗಳು, ಯಾವುದೋ ಒಂದು ತಾಗಿದರೆ ಸಾಕು, ಅದನ್ನು ಹೇಗೆ ಹೇಳುವುದು, ಯಾವುದನ್ನೂ ಹೇಳಿಲ್ಲವಲ್ಲ, ಅಂದೇ ಹೇಳಿಲ್ಲವಲ್ಲ.

ಅಂದು ರಕ್ತ ಪರೀಕ್ಷೆಯ ಪ್ರಯೋಗಾಲಯದ ಎತ್ತರದ ಕುರ್ಚಿ, ಕ್ಯಾನ್ಸರ್ ಎಂದು ಎರಡೂ ಸ್ತನ ತೆಗೆದ ಮೇಲೆ ಯಾವ ತೋಳಿಗೂ ಸೂಜಿ ಬೇಡ ಎಂದು ಡಾಕ್ಟರು ಬರೆದುಕೊಟ್ಟಿದ್ದರು, ಕಾಲಿನಿಂದಲೇ ರಕ್ತ ತೆಗೆಯಬೇಕು, ಜೊತೆಗೆ ಬಂದಿದ್ದ ಎರ್ಮಾ ನಗುತ್ತ ರಕ್ತ ತೆಗೆಯುವ ಹುಡುಗಿಗೆ ಹೇಳಿದ್ದಳು, ಧೈರ್ಯವಾಗಿ ಚುಚ್ಚಮ್ಮ, ನಮ್ ಸೆಲಿಂಡಾ ಐದು ಹೆತ್ತವಳು, ಒಂದಕ್ಕೂ ಕಿರುಚಿಲ್ಲ. ಹುಡುಗಿಯೂ ನಕ್ಕಿದ್ದಳು, ಸರಿ, ಆದ್ರೆ ಶಾಕ್ ಹೊಡ್ದಂಗಾದ್ರೆ ತಕ್ಷಣ ಹೇಳ್ಬಿಡಿ, ಸೂಜಿ ತೆಗೀತೀನಿ. ಮನೆಯಲ್ಲಿ ಕರೆಂಟೇ ಇಲ್ಲದವಳಿಗೆ ಶಾಕ್ ಎಂದರೆ ದನದ ಬೇಲಿಯ ಬ್ಯಾಟರಿ ತಂತಿ, ಚಿಕ್ಕವಳಿದ್ದಾಗ ಅಣ್ಣಂದಿರ ಪಂಥಕ್ಕೆ ಬಿದ್ದು ಒದ್ದೆ ಕೈಯಲ್ಲಿ ಹಿಡಿದಿದ್ದಳು, ಅದೇ ತಂತಿ, ಪಾದದ ಮೇಲಿಂದ ಹೆಬ್ಬೆರಳಿಗೆ ಚಿಮ್ಮಿ ಮತ್ತೆ ಮೊಣಕಾಲಿನವರೆಗೆ ಸರ್ರನೆ ಏರಿತು, ಕಣ್ಣೆದುರು ಬಿಳೀ ಬೆಳಕು, ಸರಿಯಾಗಿದೀರಾ ಎಂದು ಹುಡುಗಿ ಕೇಳಿದಳು, ಕೇಳಿದಳು, ಕೇಳಲಿಲ್ಲ ಎನ್ನುವಂತಿಲ್ಲ, ಸೆಲಿಂಡಾ ತಲೆಯಾಡಿಸಿದಳು. ಸಹಿಸು, ತಗ್ಗು, ದನಿ ಎತ್ತಬೇಡ — ತೊಟ್ಟಿಲಿನಿಂದ ಕಲಿತದ್ದು, ಕುರ್ಚಿಯ ಹಿಡಿಯನ್ನು ಬೆರಳು ಬಿಳಿಚುವಷ್ಟು ಒತ್ತಿ ಹಿಡಿದು ಒಂದು ಸೀಸೆ ತುಂಬಲು ಬಿಟ್ಟಳು, ಇನ್ನೊಂದು, ಮತ್ತೊಂದು, ಸೂಜಿ ಅಲ್ಲೇ ಇತ್ತು, ಕಾಲು ಎಳೆದುಕೊಳ್ಳಲಿಲ್ಲ, ಅಷ್ಟು ಸಣ್ಣ ಸೂಜಿ, ಗುಂಡಿ ಹೊಲಿಯುವ ಸೂಜಿಗಿಂತ ಸ್ವಲ್ಪ ದಪ್ಪ, ಅದು ಇಷ್ಟು ಮಾಡುತ್ತದೆಯೇ, ಇಂದಿಗೂ ನಂಬಲಾಗುತ್ತಿಲ್ಲ. ನರಕ್ಕೆ ಪೆಟ್ಟಾಗಿದೆ, ತಿಂಗಳುಗಟ್ಟಲೆ ಬೇಕು, ವಾಸಿಯಾದರೂ ಆಗಬಹುದು ಎಂದರು ಡಾಕ್ಟರು. ಕೊಟ್ಟ ಮಾತ್ರೆಗೆ ತಲೆಯೊಳಗೆ ಮಂಜು ಕವಿದು ಸೂಪಿಗೆ ಎರಡು ಸಲ ಉಪ್ಪು ಬಿತ್ತು, ಗಂಡ ಅಯ್ವನ್ ಒಂದು ಚಮಚ ಬಾಯಿಗಿಟ್ಟು, ಈ ಸೂಪು ನಮಗೋ, ಉಪ್ಪು ನೆಕ್ಕೋ ದನಗಳಿಗೋ ಎಂದ, ಎಲ್ಲರೂ ನಕ್ಕರು, ಅವಳೂ. ಮನೆಯೊಳಗೆ ಪಾದಕ್ಕೆ ತಾಗದಂತೆ ಅವನ ಅಗಲದ ರಬ್ಬರ್ ಬೂಟು, ಹಾಸಿಗೆಯಲ್ಲಿ ರಗ್ಗು ತಾಗದಂತೆ ಸೇಬಿನ ಪೆಟ್ಟಿಗೆ ಬೋರಲು ಹಾಕಿ ಅದರೊಳಗೆ ಕಾಲು, ಚಳಿ ಅಂತ ಏನೇನ್ ಮಾಡ್ತೀಯೋ ಎಂದು ಅವನು ಆ ಕಡೆ ಹೊರಳುತ್ತಾನೆ. ಮನೆಯಲ್ಲಿ ಗೊತ್ತಿರುವುದು ಲೂಸೆಟ್ಟಾಗೆ ಮಾತ್ರ, ಕೊನೆಯ ಕೂಸು, ಮಡಿಲಿಗೆ ಹತ್ತುವಾಗ ಆ ಪಾದ ತುಳಿದುಬಿಟ್ಟಿತ್ತು, ತನ್ನ ಗಂಟಲಿನಿಂದ ಬಂದ ಕೂಗು ಯಾರದೋ ಎನಿಸಿತು, ಕೂಸಿನ ತುಟಿ ನಡುಗಿತು, ಅಂದಿನಿಂದ ಬಲಗಡೆಯಿಂದಲೇ ಬರುತ್ತದೆ, ಗೊಂಬೆಗೂ ಪಾಠ ಹೇಳುತ್ತದೆ, ಆ ಕಡೆ ಹೋಗ್ಬೇಡ, ಅಮ್ಮನ ಕಾಲಲ್ಲಿ ಜೇನುಹುಳ ಇದೆ. ನಾಲ್ಕು ವರ್ಷದ ಕೂಸಿಗೆ ಹೇಳಬಹುದಾದದ್ದನ್ನು ಎರ್ಮಾಗೆ ಹೇಳಲಾಗದೇ, ಹೇಳಿದರೆ ತನ್ನ ನಗೆಮಾತೇ ಬಾಯಿ ಕಟ್ಟಿತೆಂದು ಅವಳು ಸಾಯುವ ತನಕ ಕೊರಗುತ್ತಾಳೆ, ಬೇಡ, ಹಲ್ಲು ಕಚ್ಚಿದರಾಯಿತು, ಒಂದು ಹಾಡಿನ ಹೊತ್ತು —

ಬೋಗುಣಿ ಬಂದೇಬಿಟ್ಟಿತು. ಎರ್ಮಾ ಮಂಡಿಯೂರಿದ್ದಾಳೆ, ಬಿಳೀ ಟೊಪ್ಪಿಯ ನೆತ್ತಿ ಕಾಣುತ್ತಿದೆ, ಬಲಗಾಲಿನದು ಮುಗಿಯಿತು, ಎಷ್ಟು ಮೃದುವಾಗಿ ಒರೆಸಿದಳು, ಈಗ ಎಡದ್ದು ಕೊಡೇ, ಸೆಲಿಂಡಾ ಕೊಟ್ಟಳು, ಕೊಟ್ಟೇ ಬಿಟ್ಟಳು, ಬೊಗಸೆಯ ನೀರು ಪಾದಕ್ಕೆ ಬಿತ್ತು, ತಂತಿ, ಬಿಳೀ ಬೆಳಕು, ಕಾಲು ತಾನಾಗಿ ಚಿಮ್ಮಿತು, ಬೋಗುಣಿ ಮಗುಚಿತು, ನೀರು ಹಲಗೆಯ ಮೇಲೆ ಓಡಿತು, ಹೆಂಗಸರ ಕಡೆ ಹಾಡು ತುಂಡಾಯಿತು. ಎರ್ಮಾಳ ಮುಖ ಸುಣ್ಣ. ಹಾಗಾದ್ರೆ ಸಿಟ್ಟಿರೋದು ನಿಜವೇ. ಎಲ್ಲರೂ ನೋಡುತ್ತಿದ್ದಾರೆ, ಸಹಿಸು, ತಗ್ಗು, ಇಲ್ಲ, ಇನ್ನಾಗುವುದಿಲ್ಲ — ನೋವು ಎರ್ಮಾ, ಸಿಟ್ಟಲ್ಲ, ನೋವು, ಆ ಸೂಜಿ ಚುಚ್ಚಿದಾಗಿಂದ, ಬಟ್ಟೆ ತಾಗಿದ್ರೂ ಉರಿಯುತ್ತೆ, ತನ್ನದೇ ದನಿಯೇ ಇದು, ದೇವರ ಮನೆಯಲ್ಲಿ ಇಷ್ಟು ದೊಡ್ಡದಾಗಿ. ಆವತ್ತಿಂದಲಾ, ಎರ್ಮಾ ಪಿಸುಗುಟ್ಟಿದಳು, ಆವತ್ತು ಪಕ್ಕದಲ್ಲೇ ನಿಂತಿದ್ನಲ್ಲೇ ನಾನು, ನಗ್ತಾ ನಿಂತಿದ್ದೆ. ಅವಳ ಗದ್ದ ಅದುರಿತು, ಬೈಯುತ್ತಾಳೆ, ಎದ್ದು ಹೋಗುತ್ತಾಳೆ, ಹೋಗಲಿಲ್ಲ, ಒದ್ದೆ ಲಂಗದಲ್ಲೇ ಇನ್ನಷ್ಟು ಹತ್ತಿರ ಸರಿದಳು, ಎಲ್ಲಿ ಮುಟ್ಲಿ ಹೇಳು. ಯಾರೂ ಕೇಳಿರಲಿಲ್ಲ, ಇಷ್ಟು ದಿನ ಯಾರೂ, ಎಲ್ಲೂ ಬೇಡ ಎರ್ಮಾ. ಆಗಲಿ, ಎಲ್ಲೂ ಬೇಡ. ಬೋಗುಣಿಯ ತಳದಲ್ಲಿ ಉಳಿದಿದ್ದಷ್ಟನ್ನೇ ಬೊಗಸೆಗೆ ತೆಗೆದುಕೊಂಡಳು, ಪಾದದ ಪಕ್ಕಕ್ಕೆ ಹಿಡಿದಳು, ತಾಗಿಸದೆ, ಉಸಿರನ್ನೂ ತಾಗಿಸದೆ, ದೇವರು ನಮ್ಮಿಬ್ಬರ ಜೊತೆಗಿರಲಿ ತಂಗಿ, ಆಮೆನ್ ಎನ್ನಬೇಕು, ಆ ಒರಟು ಬೆರಳ ಸಂದಿಯಿಂದ ಒಂದು ಹನಿ ಇಳಿದು ಕಿರುಬೆರಳ ತುದಿಗೆ ಬಂತು, ತುಂಬಿಕೊಂಡಿತು, ಪಾದದ ಮೇಲೇ ಬೀಳುತ್ತದೆ, ಇನ್ನೇನು, ಎರ್ಮಾ ಕೈ ಆಚೆ ತಿರುಗಿಸಿದಳು, ಹನಿ ಬೀಳಲಿಲ್ಲ, ತುದಿಯಲ್ಲೇ, ಆ ಹನಿ, ಬೆಳಕು ಹಿಡಿದುಕೊಂಡು, ಆ ಒಂದು ಹನಿ